ನಿದ್ದೆಗೆಟ್ಟ ವೈದ್ಯರು, ಲೆಕ್ಕಕ್ಕೆ ಸಿಗದ ಗಂಟೆಗಳು

ಎಂ.ಡಿ., ಎಂ.ಎಸ್. ಓದುತ್ತ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯುವ ನಿವಾಸಿ ವೈದ್ಯರು ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡಬೇಕು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಮೂರು ಉತ್ತರಗಳಿವೆ. ಮೊದಲನೆಯದು 1992ರದು. ದೇಶಕ್ಕೆಲ್ಲ ಒಂದೇ ಬಗೆಯ ರೆಸಿಡೆನ್ಸಿ ಪದ್ಧತಿ ಬೇಕೆಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತ್ತು. ಅದರ ಬೆನ್ನಿಗೆ ಕೇಂದ್ರ ಆರೋಗ್ಯ ಸಚಿವಾಲಯ 1992ರ ಜೂನ್‌ನಲ್ಲಿ ಒಂದು ನಿರ್ದೇಶನ ಹೊರಡಿಸಿತು: ಒಮ್ಮೆಗೆ 12 ಗಂಟೆ ಮೀರಬಾರದು, ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಸರದಿಯಂತೆ ವಾರಕ್ಕೊಂದು ರಜೆ. ಎರಡನೆಯ ಉತ್ತರ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿಯದು. ಅದು ಗಂಟೆಯ ಲೆಕ್ಕವನ್ನೇ ಬಿಟ್ಟು, ‘ಸಮಂಜಸವಾದ’ ಕೆಲಸದ ಅವಧಿ ಮತ್ತು ‘ಸಮಂಜಸವಾದ’ ವಿಶ್ರಾಂತಿ ಇರಲಿ ಎನ್ನುತ್ತದೆ. ಮೂರನೆಯದು ಅದೇ ಆಯೋಗದ ಕಾರ್ಯಪಡೆ 2024ರಲ್ಲಿ ಮಾಡಿದ ಶಿಫಾರಸು: ವಾರಕ್ಕೆ 74 ಗಂಟೆ ಮೀರದಿರಲಿ, ಸತತ 24 ಗಂಟೆ ದಾಟದಿರಲಿ, ವಾರಕ್ಕೊಂದು ದಿನ ರಜೆ ಇರಲಿ.

ಮೂವತ್ತೆರಡು ವರ್ಷಗಳಲ್ಲಿ ನಾವು 48ರಿಂದ ‘ಸಮಂಜಸ’ಕ್ಕೆ, ಅಲ್ಲಿಂದ 74ಕ್ಕೆ ಬಂದಿದ್ದೇವೆ. ಇವು ಮೂರೂ ಕಾಗದದ ಮೇಲಿನವು. ನಾಲ್ಕನೆಯ ಉತ್ತರ ವಾರ್ಡ್‌ನಲ್ಲಿದೆ. ಅದನ್ನು ಯಾರೂ ಬರೆದಿಡುವುದಿಲ್ಲ.

ನಾನು ಗದಗ ಜಿಲ್ಲೆಯವಳು. ಮುಂಬಯಿಗೆ ಎಂ.ಡಿ. ಮಾಡಲು ಬಂದು ಇಲ್ಲೇ ನೆಲೆನಿಂತು, ಈಗ ಒಂದು ಸಾರ್ವಜನಿಕ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಪಾಠ ಹೇಳುತ್ತೇನೆ. ನಮ್ಮ ಯೂನಿಟ್‌ನ ಡ್ಯೂಟಿ ಪಟ್ಟಿಗೆ ಸಹಿ ಹಾಕುವವಳೂ ನಾನೇ. ಆದ್ದರಿಂದ ಈ ವಿಷಯ ನನಗೆ ಪತ್ರಿಕೆಯ ಸುದ್ದಿ ಮಾತ್ರ ಅಲ್ಲ. ಕರ್ನಾಟಕದ ಓದುಗರಿಗೂ ಇದು ದೂರದ ಮಾತಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಯಿಂದ, ಸೊಲ್ಲಾಪುರ ದಾರಿಯಾಗಿ ವಿಜಯಪುರದಿಂದ ಚಿಕಿತ್ಸೆಗೆಂದು ಮುಂಬಯಿಗೆ ಬರುವವರು ಇಂದಿಗೂ ಇದ್ದಾರೆ. ಧಾರಾವಿ, ಸಯನ್ ಕಡೆಯ ನಮ್ಮ ಜನ ಕಾಯಿಲೆ ಬಿದ್ದರೆ ಬರುವುದೂ ಇಂಥ ಆಸ್ಪತ್ರೆಗಳಿಗೇ. ಜ್ವರ ಬಂದ ಮಗನ ಪಕ್ಕ ಕೂತಿದ್ದ ಇಂಡಿ ತಾಲ್ಲೂಕಿನ ತಾಯಿಯೊಬ್ಬಳು ಒಮ್ಮೆ ನನ್ನನ್ನು ಕೇಳಿದ್ದಳು: “ಬಾಯಾರ, ಆ ಹುಡುಗ ಡಾಕ್ಟರ್ ನಿನ್ನಿ ಮುಂಜಾನಿಂದ ಇಲ್ಲೇ ಅದಾನಲ್ರಿ. ಅವಗ ಮನಿ ಇಲ್ಲೇನ್ರಿ?”

ಎಮರ್ಜೆನ್ಸಿ ದಿನ ಎಂದರೆ

ಹೊರಗಿನವರಿಗೆ ಈ ಗಂಟೆಗಳು ಹೇಗೆ ಕೂಡುತ್ತವೆ ಎಂಬುದು ಸುಲಭಕ್ಕೆ ಅಂದಾಜಾಗುವುದಿಲ್ಲ. ನಮ್ಮಲ್ಲಿ ಪ್ರತಿ ಯೂನಿಟ್‌ಗೆ ವಾರದಲ್ಲೊಂದು ‘ಎಮರ್ಜೆನ್ಸಿ’ ದಿನ ಇರುತ್ತದೆ. ಆ ದಿನ ಬೆಳಿಗ್ಗೆ ಎಂಟರಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ ಕ್ಯಾಶುವಲ್ಟಿಗೆ ಬರುವ ರೋಗಿಗಳೆಲ್ಲ ಆ ಯೂನಿಟ್‌ನ ಪಾಲು. ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ, ಇಲಿ ಜ್ವರ. ಚಳಿಗಾಲದಲ್ಲಿ ಉಬ್ಬಸ, ಹೃದಯಾಘಾತ. ವರ್ಷವಿಡೀ ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಕ್ಷಯ. ಹಾಸಿಗೆ ತುಂಬಿದರೆ ನೆಲದ ಮೇಲೆ ಗಾದಿ ಹಾಸಿಯಾದರೂ ಸೇರಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆ ಯಾರಿಗೂ ಇಲ್ಲ ಎನ್ನುವಂತಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಎಮರ್ಜೆನ್ಸಿ ಮುಗಿಯಿತು ಎಂದು ಹೆಸರಿಗಷ್ಟೇ. ರಾತ್ರಿ ಸೇರಿಸಿಕೊಂಡ ಅಷ್ಟೂ ರೋಗಿಗಳು ವಾರ್ಡ್‌ನಲ್ಲಿದ್ದಾರೆ. ಅವರ ಚರಿತ್ರೆಯೆಲ್ಲ ಗೊತ್ತಿರುವುದು ರಾತ್ರಿ ಎಚ್ಚರವಿದ್ದವರಿಗೆ ಮಾತ್ರ. ಹೀಗಾಗಿ ರೌಂಡ್ಸ್, ರಕ್ತ ಪರೀಕ್ಷೆಯ ವರದಿ, ಸ್ಕ್ಯಾನ್‌ಗೆ ಕಳಿಸುವುದು, ಸಂಜೆಯ ರೌಂಡ್ಸ್ ಎಲ್ಲ ಮುಗಿಸಿ ಹಾಸ್ಟೆಲ್ ತಲುಪುವಾಗ ಸಂಜೆ ಏಳೋ ಎಂಟೋ. ಬೆಳಿಗ್ಗೆ ಎಂಟರಿಂದ ಮರುದಿನ ರಾತ್ರಿ ಎಂಟು ಎಂದರೆ 36 ಗಂಟೆ. ಮೊದಲ ವರ್ಷದವರಿಗೆ ವಾರದಲ್ಲಿ ಎರಡು ಸಲ ಹೀಗಾಗುವುದೂ ಉಂಟು.

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಯ ನಂತರ ದೇಶಕ್ಕೆ ಈ ಸಂಖ್ಯೆ ಕೇಳಿಸಿತು. ಆ ತರುಣ ವೈದ್ಯೆ ದೀರ್ಘ ಡ್ಯೂಟಿಯ ನಡುವೆ ತುಸು ಹೊತ್ತು ಮಲಗಲು ಹೋಗಿದ್ದು ಸೆಮಿನಾರ್ ಹಾಲ್‌ಗೆ. ರಾತ್ರಿಯಿಡೀ ದುಡಿಯುವವರಿಗೆ ಬಾಗಿಲು ಭದ್ರವಿರುವ ಒಂದು ಕೋಣೆಯೂ ಇರಲಿಲ್ಲ ಎಂಬುದು ಆಗ ಚರ್ಚೆಗೆ ಬಂತು. ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್, 36 ಗಂಟೆ, 48 ಗಂಟೆ ಸತತ ಡ್ಯೂಟಿ ಅಮಾನವೀಯ ಎಂದು ಕಳವಳಪಟ್ಟು, ವೈದ್ಯರ ಸುರಕ್ಷತೆಗೆಂದು ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಸುರಕ್ಷತೆಯ ಮಾತು ಸಿ.ಸಿ. ಟಿ.ವಿ., ಭದ್ರತಾ ಸಿಬ್ಬಂದಿಗಳ ಕಡೆ ಸಾಗಿತು. ಗಂಟೆಗಳ ಮಾತು ಮೆಲ್ಲಗೆ ಹಿಂದೆ ಸರಿಯಿತು.

ನಿದ್ದೆಗೆಟ್ಟ ಕೈ

ನಿದ್ದೆಗೆಡುವುದು ಅಭ್ಯಾಸದ ಮಾತು, ಮಾಡುತ್ತ ಮಾಡುತ್ತ ರೂಢಿಯಾಗುತ್ತದೆ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಗಟ್ಟಿಯಾಗಿದೆ. ವಿಜ್ಞಾನ ಬೇರೆಯದನ್ನು ಹೇಳುತ್ತದೆ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಡಾಸನ್ ಮತ್ತು ರೀಡ್ ಅವರ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ದಾಟಿದರೆ ಅದು ಶೇ 0.10ಕ್ಕೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕನಿಗೆ ಇರುವ ಮಿತಿ ಶೇ 0.03. ಅಂದರೆ ಯಾವ ಸ್ಥಿತಿಯಲ್ಲಿ ಸ್ಕೂಟರ್ ಓಡಿಸಿದರೆ ಪೊಲೀಸರು ಹಿಡಿಯುತ್ತಾರೋ ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ನಾವು ಒಬ್ಬರ ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಹಾಕಿಸುತ್ತಿದ್ದೇವೆ.

2004ರಲ್ಲಿ ಅಮೆರಿಕದ ತೀವ್ರ ನಿಗಾ ಘಟಕಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ, ಹಳೆಯ ದೀರ್ಘ ಪಾಳಿಯ ವೈದ್ಯರು ಮಿತ ಪಾಳಿಯವರಿಗಿಂತ ಸುಮಾರು ಶೇ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ದೀರ್ಘ ಪಾಳಿ ಮುಗಿಸಿ ವಾಹನ ಓಡಿಸಿಕೊಂಡು ಮನೆಗೆ ಹೋಗುವಾಗ ಅಪಘಾತದ ಸಂಭವ ಎರಡು ಪಟ್ಟಿಗೂ ಹೆಚ್ಚು.

ಮನಸ್ಸಿನ ಲೆಕ್ಕ ಬೇರೆಯೇ ಇದೆ. ನಾನು ಮೊದಲು ಹೇಳಿದ ಆಯೋಗದ ಕಾರ್ಯಪಡೆಯ ಸಮೀಕ್ಷೆಗೆ 5,337 ಸ್ನಾತಕೋತ್ತರ ವಿದ್ಯಾರ್ಥಿಗಳು ಉತ್ತರಿಸಿದ್ದರು. ಅವರಲ್ಲಿ ಶೇ 31ಕ್ಕೂ ಹೆಚ್ಚು ಮಂದಿಗೆ ಬದುಕು ಮುಗಿಸಿಕೊಳ್ಳುವ ಯೋಚನೆ ಬಂದಿತ್ತು. ಸುಮಾರು ಶೇ 45ರಷ್ಟು ಮಂದಿ ವಾರಕ್ಕೆ 60 ಗಂಟೆಗೂ ಹೆಚ್ಚು ದುಡಿಯುತ್ತಿದ್ದರು. ಅರ್ಧಕ್ಕೂ ಹೆಚ್ಚು ಮಂದಿಗೆ ವಾರದ ರಜೆ ನಿಯಮಿತವಾಗಿ ಸಿಗುತ್ತಿರಲಿಲ್ಲ. ನಿಮ್ಮ ಮನೆಯ ಮಗನೋ ಮಗಳೋ ಪಿ.ಜಿ. ಮಾಡುತ್ತಿದ್ದು ಫೋನಿನಲ್ಲಿ ಮಾತು ಕಡಿಮೆಯಾಗಿದ್ದರೆ, “ಡಾಕ್ಟರ್ ಆದವರಿಗೆ ಇದೆಲ್ಲ ಇದ್ದದ್ದೇ” ಎಂದು ಬಿಡಬೇಡಿ. ಕೂತು ಮಾತಾಡಿಸಿ. ನಮ್ಮ ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಹಿರಿಯರ ಮಾತಿನಲ್ಲಿ ಹುರುಳಿಲ್ಲವೇ?

ಇದೆ. ಅದನ್ನು ತಳ್ಳಿಹಾಕಿ ಮುಂದೆ ಹೋದರೆ ಈ ಚರ್ಚೆ ಅರ್ಧವೇ ಆಗುತ್ತದೆ.

‘ರೆಸಿಡೆಂಟ್’ ಎಂಬ ಹೆಸರೇ ಆಸ್ಪತ್ರೆಯಲ್ಲೇ ವಾಸವಿರುವವನು ಎಂಬುದರಿಂದ ಬಂದದ್ದು. 1889ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ ಕಟ್ಟಿದ ತರಬೇತಿ ಪದ್ಧತಿ ಅದು. ಹಾಲ್‌ಸ್ಟೆಡ್ ಸ್ವತಃ ಕೊಕೇನ್ ಚಟಕ್ಕೆ ಸಿಲುಕಿದ್ದರು ಎಂಬುದನ್ನು ಈ ಪದ್ಧತಿಯ ಟೀಕಾಕಾರರು ಆಗಾಗ ನೆನಪಿಸುತ್ತಾರೆ. ಆದರೆ ಪದ್ಧತಿಯ ತಿರುಳು ಸುಳ್ಳಲ್ಲ: ಕಾಯಿಲೆಯನ್ನು ಕಲಿಯಬೇಕಾದರೆ ಅದರ ಜೊತೆಗಿರಬೇಕು.

ಹೊಲದಲ್ಲಿ ಎಣ್ಣೆ ಹೊಡೆಯುವಾಗ ವಿಷವೇರಿ ಬಂದ ರೈತನಿಗೆ ಅಟ್ರೋಪಿನ್ ಎಷ್ಟು ಕೊಡಬೇಕು ಎಂಬುದನ್ನು ಪುಸ್ತಕ ಒಂದು ಸಾಲಿನಲ್ಲಿ ಹೇಳುತ್ತದೆ. ಹಾಸಿಗೆಯ ಪಕ್ಕ ನಿಂತು ಎದೆಯ ಸದ್ದು ಕೇಳುತ್ತ, ನಾಡಿ ನೋಡುತ್ತ, ಕಣ್ಣಿನ ಪಾಪೆ ನೋಡುತ್ತ ಪ್ರಮಾಣ ಏರಿಸುವ ಹದ ಒಂದು ರಾತ್ರಿಯ ಕೆಲಸ. ಸಕ್ಕರೆ ವಿಪರೀತ ಏರಿ ಪ್ರಜ್ಞೆ ತಪ್ಪಿ ಬಂದವಳು ಇನ್ಸುಲಿನ್, ಸಲೈನ್ ಮೇಲೆ ಮೆಲ್ಲಗೆ ತಿಳಿಯಾಗಿ ಬೆಳಗಿನ ಜಾವ ನೀರು ಕೇಳುವುದನ್ನು ಕಂಡವರಿಗೆ ಆ ಕಾಯಿಲೆ ಮತ್ತೆ ಮರೆಯುವುದಿಲ್ಲ. ಸಂಜೆ ಎಂಟಕ್ಕೆ ಪಾಳಿ ಮುಗಿದು ಹೊರಟವರಿಗೆ ಕಥೆಯ ಮೊದಲ ಅರ್ಧ ಮಾತ್ರ ಸಿಗುತ್ತದೆ. ಶಸ್ತ್ರಚಿಕಿತ್ಸೆಯವರ ಆತಂಕ ಇನ್ನೂ ಹೆಚ್ಚು: ಕೈ ಪಳಗುವುದು ಎಣಿಕೆಯಿಂದ, ಎಣಿಕೆಗೆ ಗಂಟೆಗಳು ಬೇಕು.

ಹೊರದೇಶಗಳ ಅನುಭವವೂ ಒಂದೇ ದಿಕ್ಕಿಗೆ ಬೆರಳು ಮಾಡುವುದಿಲ್ಲ. 1984ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಜಿಯಾನ್ ಎಂಬ 18ರ ಯುವತಿ ತೀರಿಕೊಂಡ ನಂತರ ಅವಳ ತಂದೆ ನಡೆಸಿದ ಹೋರಾಟದಿಂದ ಆ ರಾಜ್ಯ 1989ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಅದು ಇಡೀ ಅಮೆರಿಕಕ್ಕೆ ಬಂತು. 2011ರಲ್ಲಿ ಮೊದಲ ವರ್ಷದವರಿಗೆ ಸತತ 16 ಗಂಟೆಯ ಮಿತಿ ಬಂತು. ಆ ಬಳಿಕ ಸಡಿಲ ಪಾಳಿ, ಬಿಗಿ ಪಾಳಿಗಳನ್ನು ಹೋಲಿಸಿ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ, ಸಡಿಲ ಪಾಳಿಯಿಂದ ರೋಗಿಗಳಿಗೆ ಹೆಚ್ಚಿನ ಹಾನಿ ಕಾಣಲಿಲ್ಲ. 2017ರಲ್ಲಿ 16 ಗಂಟೆಯ ಮಿತಿಯನ್ನು ಕೈಬಿಟ್ಟು, 24 ಗಂಟೆ ಮತ್ತು ಜವಾಬ್ದಾರಿ ಹಸ್ತಾಂತರಕ್ಕೆ 4 ಗಂಟೆ ಎಂಬ ನಿಯಮಕ್ಕೆ ಅವರು ಮರಳಿದರು.

ಇದನ್ನು ಹಿಡಿದು “ನೋಡಿ, ಅಮೆರಿಕದಲ್ಲೇ ಬಿಟ್ಟರು” ಎನ್ನುವವರಿದ್ದಾರೆ. ಆದರೆ ಆ ಪ್ರಯೋಗಗಳ ಎರಡೂ ಬದಿಯವರು ವಾರಕ್ಕೆ 80 ಗಂಟೆಯ ಸರಾಸರಿ ಮಿತಿಯ ಒಳಗೇ ಇದ್ದರು. ಅಲ್ಲಿ ‘ಸಡಿಲ’ ಎನಿಸಿಕೊಂಡ ವಾರ ನಮ್ಮ ವಾರ್ಡ್‌ಗಳಲ್ಲಿ ಹಗುರವಾದ ವಾರ.

ಯುರೋಪಿನದು ಇನ್ನೊಂದು ತುದಿ. ಅಲ್ಲಿ 2009ರಿಂದ ಕಿರಿಯ ವೈದ್ಯರಿಗೂ ವಾರಕ್ಕೆ 48 ಗಂಟೆ. ಆಸ್ಪತ್ರೆಯಲ್ಲಿದ್ದುಕೊಂಡು ಕರೆಗೆ ಕಾಯುವ ಹೊತ್ತೂ ಕೆಲಸವೇ ಎಂದು ಸ್ಪೇನ್ ವೈದ್ಯರ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಲಯ 2000ದಲ್ಲೇ ತೀರ್ಪಿತ್ತಿತ್ತು. ಇಷ್ಟು ಕಡಿಮೆ ಹೊತ್ತಿನಲ್ಲಿ ತರಬೇತಿ ಸಾಧ್ಯವೇ ಎಂಬುದನ್ನು ಬ್ರಿಟನ್‌ನಲ್ಲಿ ಸರ್ ಜಾನ್ ಟೆಂಪಲ್ ಪರಿಶೀಲಿಸಿ 2010ರಲ್ಲಿ ವರದಿ ಕೊಟ್ಟರು. ಅವರ ತೀರ್ಮಾನ ನಮಗೂ ಕೈದೀಪದಂತಿದೆ: 48 ಗಂಟೆಯಲ್ಲಿ ಒಳ್ಳೆಯ ತರಬೇತಿ ಸಾಧ್ಯ, ಆದರೆ ಮೇಲ್ವಿಚಾರಣೆಯಿಲ್ಲದೆ ರಾತ್ರಿಯ ಸೇವೆಯನ್ನೆಲ್ಲ ಕಲಿಯುವವರ ತಲೆಗೆ ಕಟ್ಟಿರುವ ಕಡೆ ಸಾಧ್ಯವಿಲ್ಲ.

ಮೂವತ್ತಾರು ಗಂಟೆಯಲ್ಲಿ ಕಲಿಯುವುದೆಷ್ಟು?

ಹೀಗಾಗಿ ಎಷ್ಟು ಗಂಟೆ ಎಂಬುದರ ಜೊತೆಗೇ ಆ ಗಂಟೆಗಳಲ್ಲಿ ಏನು ಮಾಡುತ್ತಾರೆ ಎಂದು ಕೇಳಬೇಕಾಗುತ್ತದೆ. ನಮ್ಮ ಯೂನಿಟ್‌ನ ಕಿರಿಯರಿಗೆ ಒಂದು ವಾರ ತಾವು ಮಾಡಿದ್ದನ್ನೆಲ್ಲ ಚೀಟಿಯಲ್ಲಿ ಬರೆದಿಡಲು ಹೇಳಿದ್ದೆ. ಓದಿದರೆ ವೈದ್ಯರ ದಿನಚರಿಯಂತೆ ಇರಲಿಲ್ಲ. ರಕ್ತದ ಬಾಟಲಿಗಳನ್ನು ಮೂರು ಮಹಡಿ ಇಳಿದು ಲ್ಯಾಬ್‌ಗೆ ಮುಟ್ಟಿಸಿದ್ದು. ರಕ್ತನಿಧಿಯ ಕಿಟಕಿಯ ಮುಂದೆ ಕಾದದ್ದು. ಎಂ.ಆರ್.ಐ. ತಾರೀಖಿಗೆ ಮೂರು ಕಡೆ ಫೋನ್ ಮಾಡಿದ್ದು. ಮಾಮಾ ಸಿಗದೆ ತಾವೇ ಟ್ರಾಲಿ ತಳ್ಳಿದ್ದು (ಇಲ್ಲಿ ವಾರ್ಡ್‌ಬಾಯ್‌ಗೆ ಮಾಮಾ, ಆಯಾಗೆ ಮಾವಶಿ ಎನ್ನುತ್ತಾರೆ). ಸರ್ಕಾರಿ ವಿಮಾ ಯೋಜನೆಯ ಅರ್ಜಿ ತುಂಬಿ, ಫೋಟೊ ಅಪ್‌ಲೋಡ್ ಮಾಡಿ, ತಿರಸ್ಕೃತವಾದದ್ದನ್ನು ಮತ್ತೆ ತುಂಬಿದ್ದು. ಕಂಪ್ಯೂಟರಿನಲ್ಲಿದ್ದ ವರದಿಯನ್ನು ಕೈಯಲ್ಲಿ ಕೇಸ್‌ಪೇಪರಿಗೆ ಬರೆದು, ಅದನ್ನೇ ಡಿಸ್ಚಾರ್ಜ್ ಕಾರ್ಡಿಗೆ ಮತ್ತೊಮ್ಮೆ ಬರೆದದ್ದು.

ಅಟ್ರೋಪಿನ್ ಹದ ಕಲಿಯಲು ರಾತ್ರಿ ಬೇಕು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಟ್ರಾಲಿ ತಳ್ಳುವುದನ್ನು ಕಲಿಯಲು ಮೂರು ವರ್ಷ ಬೇಕಿಲ್ಲ. ದೀರ್ಘ ಪಾಳಿಯನ್ನು ತರಬೇತಿಯ ಹೆಸರಿನಲ್ಲಿ ಸಮರ್ಥಿಸುವಾಗ ಈ ಎರಡನ್ನೂ ಒಂದೇ ಮೂಟೆಗೆ ಕಟ್ಟುತ್ತೇವೆ. ನಿಜದಲ್ಲಿ ಖಾಲಿ ಬಿದ್ದ ಲ್ಯಾಬ್ ಟೆಕ್ನಿಷಿಯನ್, ಗುಮಾಸ್ತ, ವಾರ್ಡ್‌ಬಾಯ್ ಹುದ್ದೆಗಳ ಕೆಲಸವೆಲ್ಲ ಜಾರಿ ಕೊನೆಗೆ ಬಂದು ನಿಲ್ಲುವುದು ಇಲ್ಲ ಎನ್ನಲಾರದ ಒಬ್ಬರ ಮೇಲೆ. ಅವರ ಪರೀಕ್ಷೆ, ಥೀಸಿಸ್, ಪದವಿ ಎಲ್ಲ ನಮ್ಮಂಥ ಹಿರಿಯರ ಸಹಿಯಲ್ಲಿರುವುದರಿಂದ ಅವರು ಇಲ್ಲ ಎನ್ನುವುದಿಲ್ಲ. ಸಂಬಳದ ಮಾತು ಬಂದಾಗ ‘ನೀವು ವಿದ್ಯಾರ್ಥಿಗಳು’ ಎಂದು ಸ್ಟೈಪೆಂಡ್ ಕೊಡುತ್ತೇವೆ. ಕೆಲಸದ ಮಾತು ಬಂದಾಗ ‘ನೀವು ಡಾಕ್ಟರು’ ಎನ್ನುತ್ತೇವೆ.

ಕೂಡಿಸಿ ಕಳೆದು ನೋಡಿದರೆ

ಲೆಕ್ಕ ಮಾಡೋಣ. ಒಂದು ಚಿಕ್ಕ ವಿಭಾಗ ಎಂದು ಇಟ್ಟುಕೊಳ್ಳಿ. ವಾರ್ಡ್, ಕ್ಯಾಶುವಲ್ಟಿ, ಐ.ಸಿ.ಯು. ಮೂರು ಕಡೆ ಹಗಲೂ ರಾತ್ರಿ ಒಬ್ಬೊಬ್ಬರು ಇರಲೇಬೇಕು. ವಾರಕ್ಕೆ 168 ಗಂಟೆ; ಮೂರು ಕಡೆಗೆ 504 ಗಂಟೆ. ವರ್ಷಕ್ಕೆ ಮೂವರಂತೆ ಮೂರು ವರ್ಷಗಳ ಒಂಬತ್ತು ರೆಸಿಡೆಂಟ್‌ಗಳಿದ್ದರೆ ತಲೆಗೆ 56 ಗಂಟೆ. ಇದರಲ್ಲಿ ಹೊರರೋಗಿ ವಿಭಾಗ, ಪಾಠ, ಥೀಸಿಸ್ ಸೇರಿಲ್ಲ. ಮೂರನೆಯ ವರ್ಷದವರು ಪರೀಕ್ಷೆ ಮುಗಿಸಿ ಹೋಗಿ, ಹೊಸಬರು ಇನ್ನೂ ಬಾರದಿದ್ದರೆ ಉಳಿಯುವವರು ಆರು. ತಲೆಗೆ 84 ಗಂಟೆ. ಅವರಲ್ಲೊಬ್ಬರು ನಿಯಮದಂತೆ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಗೆ ಹೋದರೆ ಉಳಿದ ಐವರಿಗೆ 100 ಗಂಟೆ ದಾಟುತ್ತದೆ. 1992ರ ನಿಯಮದಂತೆ 48 ಗಂಟೆಯಲ್ಲಿ ಈ ಕೆಲಸ ನಡೆಯಬೇಕಾದರೆ ಹನ್ನೊಂದು ಜನ ಬೇಕು.

ಹೊಸಬರು ಬರುವುದು ತಡವಾಗುವುದು ಕಲ್ಪನೆಯಲ್ಲ. 2021ರಲ್ಲಿ ನೀಟ್-ಪಿ.ಜಿ. ಕೌನ್ಸೆಲಿಂಗ್ ತಿಂಗಳುಗಟ್ಟಲೆ ನಿಂತು, ಮೂರರಲ್ಲಿ ಎರಡೇ ಪಾಲು ಜನ ಮೂರು ಪಾಲಿನ ಕೆಲಸ ಮಾಡಬೇಕಾಗಿ ಬಂದಾಗಲೇ ದೆಹಲಿಯ ನಿವಾಸಿ ವೈದ್ಯರು ಬೀದಿಗಿಳಿದದ್ದು. ಆ ನಂತರವೂ ಪರೀಕ್ಷೆಯ ಕ್ಯಾಲೆಂಡರ್ ಸರಿದಾರಿಗೆ ಬಂದಿಲ್ಲ. 2024ರಲ್ಲೂ 2025ರಲ್ಲೂ ಪರೀಕ್ಷೆ ನಡೆದದ್ದು ಆಗಸ್ಟ್‌ನಲ್ಲಿ. ಕ್ಯಾಲೆಂಡರ್ ಸರಿಪಡಿಸಲು ಹೊಸ ಕಟ್ಟಡ ಬೇಡ, ಬಜೆಟ್ ಬೇಡ. ಆದರೂ ಅದರ ಬೆಲೆಯನ್ನು ಎರಡನೆಯ ವರ್ಷದ ರೆಸಿಡೆಂಟ್ ತನ್ನ ನಿದ್ದೆಯಲ್ಲಿ ತೆರುತ್ತಾನೆ.

ಜನರಿಲ್ಲದೆ ನಿಯಮ ಮಾತ್ರ ಬಿಗಿ ಮಾಡಿದರೆ ಏನಾಗುತ್ತದೆ ಎಂಬುದನ್ನು 2025ರ ಡಿಸೆಂಬರ್‌ನಲ್ಲಿ ವಿಮಾನ ನಿಲ್ದಾಣಗಳಲ್ಲಿ ನೋಡಿದೆವು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ ನಿಯಮ ಸರಿಯಾದದ್ದೇ. ದೇಶದ ಅತಿ ದೊಡ್ಡ ವಿಮಾನಯಾನ ಸಂಸ್ಥೆ ಅದಕ್ಕೆ ತಕ್ಕಷ್ಟು ಸಿದ್ಧವಾಗಿರಲಿಲ್ಲ. ವಿಮಾನಗಳು ಸಾಲುಸಾಲಾಗಿ ರದ್ದಾದವು. ಕೊನೆಗೆ ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ಪೈಲಟ್‌ಗೆ 36 ಗಂಟೆ ವಿಶ್ರಾಂತಿ ಸಾಲದು ಎಂದು ಒಪ್ಪಿದ ದೇಶ ವೈದ್ಯರಿಗೆ 36 ಗಂಟೆ ಡ್ಯೂಟಿ ಹಾಕುತ್ತಿದೆ ಎಂಬುದು ಒಂದು ಮಾತು. ಇನ್ನೊಂದು ಮಾತು, ವಿಮಾನ ರದ್ದಾದಂತೆ ವಾರ್ಡ್ ರದ್ದಾಗುವುದಿಲ್ಲ.

ಇದಕ್ಕೆ ವೈದ್ಯಕೀಯದಲ್ಲೇ ಸಾಕ್ಷ್ಯವಿದೆ. ಅಮೆರಿಕದ ಆರು ಮಕ್ಕಳ ತೀವ್ರ ನಿಗಾ ಘಟಕಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀರ್ಘ ಪಾಳಿ ತೆಗೆದಾಗ ತಪ್ಪುಗಳು ಕಡಿಮೆಯಾಗುವ ಬದಲು ಹೆಚ್ಚಾದವು. ಹುಡುಕಿದಾಗ ಕಂಡದ್ದು: ಪಾಳಿ ಚಿಕ್ಕದಾದಾಗ ಒಬ್ಬೊಬ್ಬರ ಪಾಲಿಗೆ ಬಂದ ರೋಗಿಗಳ ಸಂಖ್ಯೆ ಏರಿತ್ತು. ಆ ವ್ಯತ್ಯಾಸ ಸರಿಹೊಂದಿಸಿ ನೋಡಿದರೆ ಹೆಚ್ಚಳ ಉಳಿಯಲಿಲ್ಲ. ಗಂಟೆ ಕಡಿತಕ್ಕೆ ಜನರ ಬಲ ಜೊತೆಯಾಗದಿದ್ದರೆ ತಪ್ಪು ಜಾಗ ಬದಲಿಸುತ್ತದೆ, ಅಷ್ಟೆ.

ನಮ್ಮ ಯೂನಿಟ್‌ನಲ್ಲಿ ಕಂಡದ್ದು

ಕಳೆದ ವರ್ಷದಿಂದ ನಮ್ಮಲ್ಲಿ ಒಂದು ಪುಟ್ಟ ನಿಯಮ ನಡೆಸುತ್ತಿದ್ದೇವೆ. ರಾತ್ರಿ ಎಮರ್ಜೆನ್ಸಿ ಮಾಡಿದವರು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ವಾರ್ಡ್ ಬಿಡಬೇಕು. ಒಟ್ಟು 28 ಗಂಟೆ. ಇದೂ ಕಡಿಮೆಯಲ್ಲ, ಇರುವ ಜನರಲ್ಲಿ ಸಾಧ್ಯವಾದದ್ದು ಇಷ್ಟು. ಹನ್ನೆರಡರ ನಂತರದ ಕೆಲಸವನ್ನು ಉಳಿದ ರೆಸಿಡೆಂಟ್‌ಗಳ ಜೊತೆ ನಾವು ಅಧ್ಯಾಪಕರೂ ಹಂಚಿಕೊಂಡೆವು. “ನಾವೆಲ್ಲ ಮಾಡಿಯೇ ಬಂದವರಲ್ಲವೇ, ಇವರಿಗೇನು ಹೊಸ ಕಷ್ಟ?” ಎಂದು ಸಹೋದ್ಯೋಗಿಗಳು ಗೊಣಗಿದರು. ಕೇಸ್‌ಪೇಪರ್ ಬರೆಯುವುದು ಮರೆತುಹೋಗಿದ್ದ ಪ್ರೊಫೆಸರರು ಮತ್ತೆ ಬರೆದರು.

ಮೊದಲ ತಿಂಗಳಲ್ಲೇ ಈ ದಾರಿಯ ಅಪಾಯವೂ ಕಂಡಿತು. ಕಿಡ್ನಿ ರೋಗಿಯೊಬ್ಬರ ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ಕಳಿಸಿದ್ದ ಹುಡುಗಿ ಹನ್ನೆರಡಕ್ಕೆ ಹೊರಟಳು. ವರದಿ ಬಾಕಿಯಿದೆ ಎಂಬುದು ಮಧ್ಯಾಹ್ನದವನಿಗೆ ತಲುಪಲಿಲ್ಲ. ಸಂಜೆ ಪಾಳಿಯ ಸಿಸ್ಟರ್ ಕಂಪ್ಯೂಟರ್ ನೋಡಿ ಕೂಗಿ ಕರೆದದ್ದರಿಂದ ರೋಗಿ ಉಳಿದರು. ದಣಿದ ವೈದ್ಯ ಎಷ್ಟು ಅಪಾಯವೋ, ಅರ್ಧ ಮಾತು ದಾಟಿಸಿದ ಹಸ್ತಾಂತರವೂ ಅಷ್ಟೇ ಅಪಾಯ. ಆ ಮೇಲೆ ಒಂದು ಹಾಳೆ ಮಾಡಿದೆವು: ಯಾರ ಸ್ಥಿತಿ ಗಂಭೀರ, ಇವತ್ತು ಏನಾಯಿತು, ಏನು ಬಾಕಿ, ಏನಾದರೆ ಏನು ಮಾಡಬೇಕು, ಕೇಳಿಸಿಕೊಂಡವರು ಅದನ್ನು ಮರಳಿ ಹೇಳಬೇಕು. ಇದು ನಮ್ಮ ಶೋಧವಲ್ಲ. ‘ಐ-ಪಾಸ್’ ಎಂಬ ಇಂಥ ಕ್ರಮವನ್ನು ಒಂಬತ್ತು ಆಸ್ಪತ್ರೆಗಳಲ್ಲಿ ಅಳವಡಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಇಳಿದಿದ್ದವು. ಅಧ್ಯಾಪಕರೊಬ್ಬರು ಪಕ್ಕದಲ್ಲಿ ನಿಂತರೆ ಆ ಇಪ್ಪತ್ತು ನಿಮಿಷವೇ ಒಳ್ಳೆಯ ಪಾಠವಾಗುತ್ತದೆ. ರೋಗಿಯೊಬ್ಬರ ಸ್ಥಿತಿಯನ್ನು ನಾಲ್ಕು ವಾಕ್ಯದಲ್ಲಿ ಹೇಳಲು ಬರುವವರಿಗೆ ಕಾಯಿಲೆ ಅರ್ಥವಾಗಿದೆ ಎಂದೇ ಲೆಕ್ಕ.

ಕಳೆದುಕೊಂಡದ್ದೂ ಇದೆ. “ಮ್ಯಾಡಮ್, ನಾನು ಸೇರಿಸಿಕೊಂಡ ಪೇಷೆಂಟ್ ಕಣ್ಣು ಬಿಟ್ಟಾಗ ನಾನೇ ಇರಲಿಲ್ಲ” ಎಂದು ಒಬ್ಬ ಬೇಸರಪಟ್ಟ. ಉಳಿಯುವ ಮನಸ್ಸಿದ್ದವರನ್ನು ನಾವು ಬಲವಂತವಾಗಿ ಅಟ್ಟುತ್ತಿದ್ದೇವೆ ಎಂಬ ದೂರು ಪೂರ್ತಿ ಸುಳ್ಳಲ್ಲ. ಆದರೆ ಒಬ್ಬರು ಉಳಿದರೆ ಉಳಿದವರೆಲ್ಲ ಉಳಿಯಲೇಬೇಕಾಗುತ್ತದೆ. ನಮ್ಮ ವೃತ್ತಿಯಲ್ಲಿ ಇಚ್ಛೆ ಕಡ್ಡಾಯವಾಗಲು ಹೆಚ್ಚು ದಿನ ಬೇಡ. ಹಾಗಾಗಿ ಹೊರಟವರಿಗೆ ಮರುದಿನ ಬೆಳಿಗ್ಗೆ ಅವರ ರೋಗಿಯ ಬಳಿಗೇ ಮೊದಲು ಕರೆದೊಯ್ಯುತ್ತೇವೆ. ರಾತ್ರಿ ಕಂಡಷ್ಟು ಸಿಗುವುದಿಲ್ಲ, ನಿಜ. ನಿದ್ದೆ ಮಾಡಿ ಬಂದವರಿಗೆ ನಾವು ಹೇಳಿದ್ದು ನೆನಪಿರುತ್ತದೆ ಎಂಬುದು ಅದರ ಇನ್ನೊಂದು ಮುಖ.

ಇನ್ನು ಮಾಡಬೇಕಾದದ್ದು

ನಾಳೆಯಿಂದಲೇ 48 ಗಂಟೆ ಎಂದು ನಾನು ಹೇಳುವುದಿಲ್ಲ. ಇರುವ ಜನರಲ್ಲಿ ಅದು ಮತ್ತೊಂದು ಕಾಗದವಾಗುತ್ತದೆ. ಮೊದಲ ಹೆಜ್ಜೆಯಾಗಿ 74 ಗಂಟೆ ಮತ್ತು ಸತತ 24 ಗಂಟೆಯ ಶಿಫಾರಸನ್ನು ನಿಯಮವಾಗಿಸಿ, ಅಲ್ಲಿಂದ 48ರ ಕಡೆಗೆ ಇಳಿಯಲು ವರ್ಷವಾರು ತಾರೀಖು ಹಾಕಬೇಕು. ‘ಸಮಂಜಸ’ ಎಂಬ ಪದ ನಿಯಮಾವಳಿಯಿಂದ ಹೋಗಬೇಕು. ಅದನ್ನು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ.

ಎರಡನೆಯದು ಎಣಿಕೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಶೇ 80 ಹಾಜರಿ ಬೇಕು. ಅಧ್ಯಾಪಕರ ಹಾಜರಿಯನ್ನು ಆಯೋಗ ಆಧಾರ್ ಜೋಡಿಸಿದ ಯಂತ್ರದಲ್ಲೇ ನೋಡುತ್ತದೆ. ಬಂದರೇ ಎಂದು ಕೇಳುವ ಈ ವ್ಯವಸ್ಥೆ ಮನೆಗೆ ಹೋದರೇ ಎಂದು ಕೇಳುವುದಿಲ್ಲ. ಡ್ಯೂಟಿ ಪಟ್ಟಿ ಮತ್ತು ನಿಜವಾಗಿ ದುಡಿದ ಗಂಟೆ ಎರಡೂ ನೋಟಿಸ್ ಬೋರ್ಡ್‌ಗೆ ಬರಲಿ. ಸೀಟು ಹೆಚ್ಚಿಸಿ ಎಂದು ಅರ್ಜಿ ಹಾಕುವ ಕಾಲೇಜನ್ನು ಆಯೋಗ ಮೊದಲು ಅದನ್ನೇ ಕೇಳಲಿ.

ಮೂರನೆಯದು ಹುದ್ದೆಗಳು. ಪ್ರತಿ ಮೆಡಿಸಿನ್ ವಾರ್ಡ್‌ಗೆ ರಾತ್ರಿಯೂ ಇರುವ ಒಬ್ಬ ರಕ್ತ ತೆಗೆಯುವ ಟೆಕ್ನಿಷಿಯನ್, ಒಬ್ಬ ಗುಮಾಸ್ತ, ಇಬ್ಬರು ವಾರ್ಡ್‌ಬಾಯ್ ಇದ್ದರೆ ರೆಸಿಡೆಂಟ್‌ನ ಎಷ್ಟು ಗಂಟೆ ಮರಳಿ ಬರುತ್ತದೆ ಎಂಬುದನ್ನು ಯಾವ ಆಸ್ಪತ್ರೆಯೂ ಒಂದು ತಿಂಗಳು ಮಾಡಿ ನೋಡಬಹುದು. ಹೊಸ ಬ್ಲಾಕ್, ಹೊಸ ಯಂತ್ರ ಉದ್ಘಾಟಿಸಿ ಹುದ್ದೆ ತುಂಬದಿರುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ. ಜೊತೆಗೆ ರಾತ್ರಿಯೂ ಹಿರಿಯರೊಬ್ಬರು ಆಸ್ಪತ್ರೆಯೊಳಗೇ ಇರಬೇಕು. ಟೆಂಪಲ್ ವರದಿ ಹೇಳಿದ್ದು ಇದನ್ನೇ.

ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ, ಕಿದ್ವಾಯಿ ಕ್ಯಾನ್ಸರ್ ಕೇಂದ್ರವಿದೆ. ಜಿಲ್ಲೆಗೊಂದು ವೈದ್ಯಕೀಯ ಕಾಲೇಜು ಎಂಬ ಮಾತೂ ಬಹುಪಾಲು ನಿಜವಾಗುತ್ತ ಬಂದಿದೆ. ಅಲ್ಲಿ ಸ್ನಾತಕೋತ್ತರ ಸೀಟು ಬರುವಾಗ ಸೀಟಿನ ಜೊತೆ ಪಾಳಿಯ ಲೆಕ್ಕವೂ ಬರಲಿ. ಹಳೆಯ ಆಸ್ಪತ್ರೆಯ ರೂಢಿ ಮುರಿಯುವುದು ಕಷ್ಟ. ಹೊಸ ಆಸ್ಪತ್ರೆಯಲ್ಲಿ ಒಳ್ಳೆಯ ರೂಢಿ ಹಾಕುವುದು ಸುಲಭ.

ಇದಕ್ಕೆಲ್ಲ ಹಣ ಬೇಕು, ಮತ್ತು ಆ ಹಣ ತೆರಿಗೆಯಿಂದಲೇ ಬರಬೇಕು. ಇಷ್ಟು ವರ್ಷ ನಾವು ಆ ಖರ್ಚನ್ನು ಮಾಡದೆ ಉಳಿಸಲಿಲ್ಲ. ಇಪ್ಪತ್ತಾರು, ಇಪ್ಪತ್ತೇಳರ ಹುಡುಗ ಹುಡುಗಿಯರ ನಿದ್ದೆಯಿಂದ ವಸೂಲು ಮಾಡಿದೆವು. ಮುಂದಿನ ಸಲ ನಿಮ್ಮವರನ್ನು ಆಸ್ಪತ್ರೆಗೆ ಸೇರಿಸಿದಾಗ, ಕಣ್ಣು ಕೆಂಪಾದ ಡಾಕ್ಟರು ಎದುರು ನಿಂತರೆ, ಅವರ ಮೇಲೆ ರೇಗಬೇಡಿ. ಅವರು ಎಷ್ಟು ಹೊತ್ತಿನಿಂದ ಡ್ಯೂಟಿಯಲ್ಲಿದ್ದಾರೆ, ಅವರ ಬದಲಿ ಯಾರು, ಯಾವಾಗ ಬರುತ್ತಾರೆ ಎಂದು ಅಧೀಕ್ಷಕರ ಕಚೇರಿಗೆ ಹೋಗಿ ಕೇಳಿ. ರೆಸಿಡೆಂಟ್‌ಗಳು ಕೇಳಿದರೆ ಅದು ಮುಷ್ಕರವಾಗುತ್ತದೆ. ರೋಗಿಯ ಕಡೆಯವರು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.